ಮಾವನ ಮಾತು, ಅಳಿಯನ ಬಾಯಿ

ಮಾತು ಬಾಯಿಂದ ಜಾರಿದ ಮೇಲೆಯೇ ಬೀಗದಂಗಡಿಯವನಿಗೆ ತಾನು ಹೇಳಿದ್ದೇನು ಎಂಬುದು ಹೊಳೆದದ್ದು. ಕೈಯಲ್ಲಿದ್ದ ಅರ ಹಾಗೆಯೇ ನಿಂತಿತು. ಎದುರಿಗೆ ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದವನು ಪಕ್ಕದ ಬೀದಿಯಲ್ಲಿ ಡ್ರೈವಿಂಗ್ ಸ್ಕೂಲು ನಡೆಸುವವನು. ಈಚೆಗೆ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ದೊಡ್ಡದೊಂದು ಕಪ್ಪು ಕನ್ನಡಕ ಏರಿಸಿದ್ದ. ಲೋಕವನ್ನು ಯಾರೋ ಆಗಷ್ಟೇ ಒಗೆದು ಒಣಗಹಾಕಿದ್ದಾರೆ ಎಂಬಂತೆ ಗೋಡೆಗೆ ತೂಗುಹಾಕಿದ್ದ ಕೀಲಿಕೈಗಳನ್ನೆಲ್ಲ ಒಂದೊಂದಾಗಿ ನೋಡಿ ಖುಷಿಪಡುತ್ತಿದ್ದ. ಅವನ ಆಫೀಸಿನ ಬಾಗಿಲಿಗೆ ಎರಡು ನಕಲು ಬೇಕಿತ್ತು. ಯಂತ್ರದ ಒಂದು ಹಿಡಿಯಲ್ಲಿ ಮೂಲ ಕೀ, ಇನ್ನೊಂದು ಹಿಡಿಯಲ್ಲಿ ಹಲ್ಲಿಲ್ಲದ ಖಾಲಿ ಕೀ ಸಿಕ್ಕಿಸಿ, ಹಿತ್ತಾಳೆಯ ಪುಡಿ ಹಾರಿಸುತ್ತ ಇವನು ಕೆಲಸ ಮಾಡುತ್ತಿದ್ದರೆ, ಅವನು ತನ್ನ ಪಾಡಿಗೆ ಮಾತಾಡುತ್ತಿದ್ದ. ಕಣ್ಣೆಂದರೆ ಎಂಥ ಅದ್ಭುತ, ಡಾಕ್ಟರು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು, ಇದೆಲ್ಲ ಚೂರುಚೂರಾಗಿ ತಾನಾಗಿಯೇ ಆಯಿತು ಎನ್ನುವವರ ತಲೆಯಲ್ಲಿ ಏನಿದೆಯೋ, ಅರ್ಧ ಕಣ್ಣು ಕಟ್ಟಿಕೊಂಡು ಯಾವ ಪ್ರಾಣಿಗೆ ಏನಾಗಬೇಕಿತ್ತು ಎಂದ. ಆಗ ಬೀಗದವನು ತಲೆಯನ್ನೂ ಎತ್ತದೆ, “ಆಪರೇಷನ್ನಿಗೆ ಮುಂಚೆ ನಿಮಗಿದ್ದಿದ್ದೂ ಅರ್ಧ ಕಣ್ಣೇ ಅಲ್ವಾ? ಅದನ್ನಿಟ್ಕೊಂಡೇ ತಾನೇ ಅಷ್ಟು ಜನಕ್ಕೆ ಕಾರು ಕಲಿಸಿದ್ದು?” ಎಂದುಬಿಟ್ಟ. ಅಷ್ಟಕ್ಕೇ ನಿಲ್ಲಿಸದೆ, ಪೂರ್ತಿ ಕುರುಡಿಗಿಂತ ಮಬ್ಬು ಬೆಳಕು ಮೇಲು, ನೆರಳು ಬಿದ್ದದ್ದು ತಿಳಿದು ಸರಿದುಕೊಂಡ ಹುಳು ಉಳಿಯಿತು, ತಿಳಿಯದ್ದು ಯಾರದೋ ಹೊಟ್ಟೆ ಸೇರಿತು, ಉಳಿದದ್ದರ ಮರಿಗಳಲ್ಲಿ ಒಂದಕ್ಕೆ ಇನ್ನಷ್ಟು ತಿಳಿಯಿತು, ಇಷ್ಟು ಸಾಕಲ್ಲ ಎಂದು ಬಿಸಿಬಿಸಿಯಾಗಿ ವಾದಿಸಿದ. ಡ್ರೈವಿಂಗ್ ಸ್ಕೂಲಿನವನು ನಕ್ಕು, ನಿಮ್ಮ ಹತ್ತಿರ ಮಾತಿಗೆ ಕೂತವನು ಕೆಟ್ಟ ಎಂದು ಹೇಳಿ, ಮೂಲ ಕೀಯ ಜೊತೆ ಎರಡೂ ನಕಲುಗಳನ್ನು ಜೇಬಿಗಿಳಿಸಿಕೊಂಡು ಹೋದ. ಅವನಿಗೆ ಅದು ಅಲ್ಲಿಗೆ ಮುಗಿಯಿತು. ಬೀಗದವನಿಗೆ ಮಾತ್ರ ಮುಗಿಯಲಿಲ್ಲ.

ಏಕೆಂದರೆ ಇಡೀ ನೆಂಟರ ಬಳಗದಲ್ಲಿ ಅವನು ಹೆಸರಾಗಿದ್ದೇ ಇದನ್ನು ಒಪ್ಪದವನೆಂದು. ಮಾವ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಜೀವಿಗಳು ಒಂದರಿಂದ ಒಂದಾಗಿ ಬದಲಾಗುತ್ತ ಬಂದವು ಎನ್ನುವುದು ಅವರಿಗೆ ಎರಡೆರಡ್ಲ ನಾಲ್ಕು ಎಂಬಷ್ಟು ಸಲೀಸು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಚಿಕ್ಕಪ್ಪನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಈ ಮಾತು ಬಂದಿತ್ತು. ಹೊಸ ಅಳಿಯ ಸುಮ್ಮನಿರಬಹುದಿತ್ತು. ಸುಮ್ಮನಿರದೆ, ತನ್ನ ಕಸುಬಿನಲ್ಲಿ ಒಂದು ಕಟ್ಟಳೆಯಿದೆ, ನಕಲಿನ ಮೇಲೆ ನಕಲು ತೆಗೆಯಬಾರದು, ಪ್ರತಿ ಸಲವೂ ಕೂದಲೆಳೆಯಷ್ಟು ತಪ್ಪು ಸೇರಿ ಕೊನೆಗೆ ಕೀ ಬೀಗದಲ್ಲಿ ಸಿಕ್ಕಿಕೊಳ್ಳುತ್ತದೆ, ತಪ್ಪಿನ ಮೇಲೆ ತಪ್ಪು ಸೇರಿ ಇನ್ನೂ ಒಳ್ಳೆಯ ಕೀ ಆದದ್ದನ್ನು ತಾನು ಕಂಡಿಲ್ಲ, ಜೀವಕ್ಕೆ ಮಾತ್ರ ಬೇರೆ ನ್ಯಾಯವೇ ಎಂದ. ಕೆಟ್ಟ ಪ್ರಶ್ನೆಯೇನಲ್ಲ ಅದು. ಈಗಲೂ ಅವನಿಗೆ ಅದು ಒಳ್ಳೆಯ ಪ್ರಶ್ನೆಯೆಂದೇ ಅನ್ನಿಸುತ್ತದೆ. ಮಾವ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, ಅಳಿಯಂದಿರ ವಿಜ್ಞಾನ ಅವರ ಅರದಷ್ಟೇ ಉದ್ದ ಎಂದರು. ಸಾಲಾಗಿ ಕೂತವರು ನಕ್ಕರು. ಬಡಿಸುತ್ತಿದ್ದ ಚಿಕ್ಕಮ್ಮ ಕೂಡ ಸೌಟು ಹಿಡಿದುಕೊಂಡೇ ನಕ್ಕರು. ಅವನು ತಲೆ ತಗ್ಗಿಸಿ, ನಿಮ್ಮ ಪೂರ್ವಜರ ವಿಷಯ ನಿಮಗೇ ಚೆನ್ನಾಗಿ ಗೊತ್ತಿರಬೇಕು ಬಿಡಿ ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು, ಆದರೆ ಆ ಮಾತಿಗೆ ಯಾರೂ ನಗಲಿಲ್ಲ. ಅಲ್ಲಿಂದ ಮುಂದೆ ಮಾವ ಅಳಿಯ ಎದುರುಬದುರಾದಾಗಲೆಲ್ಲ ಹಾವು ಮುಂಗುಸಿ. ಮಂಗ ಎಂಬ ಶಬ್ದ ಕೇಳಿದರೆ ಸಾಕು, ಮನೆಯ ಹೆಂಗಸರು ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದರು. ಮಗಳು ಹುಟ್ಟಿದ ಹೊಸತರಲ್ಲಿ, ಮಾವ ಮೊಮ್ಮಗಳನ್ನು ನೋಡಲು ಬಂದು ಬಾಗಿಲಲ್ಲೇ ನಿಂತು ಶುರು ಹಚ್ಚಿಕೊಂಡಾಗ, ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಡತಿ ದನಿ ಏರಿಸದೆ ಒಂದು ನಿಯಮ ಹಾಕಿದಳು. “ಕಿತ್ತಾಡೋದೇ ಆದ್ರೆ ಕಿತ್ತಾಡಿ, ಬೇಡ ಅನ್ನಲ್ಲ. ಆದ್ರೆ ಅಪ್ಪ, ನೀನು ಇವರ ಪರವಾಗಿ ಮಾತಾಡ್ಬೇಕು. ರೀ, ನೀವು ಅಪ್ಪನ ಪರವಾಗಿ. ಆಗಲ್ಲ ಅಂದ್ರೆ ಇಬ್ಬರೂ ಬಾಗಿಲಾಚೆ ನಿಂತ್ಕೊಂಡು ಆಡಿ.” ಮಗುವಿಗೆ ನಿದ್ದೆ ಹತ್ತುತ್ತಿತ್ತು. ಇಬ್ಬರೂ ಒಳಗೆ ಬಂದು ಕೂತರು.

ಮೊದಮೊದಲು ಅದೊಂದು ದೊಂಬರಾಟ. ಮಾವ ಮುಖ ಸಿಂಡರಿಸಿಕೊಂಡು ಅಳಿಯನ ಪ್ರಶ್ನೆಯನ್ನು ಅಳಿಯನಿಗೇ ಕೇಳುತ್ತಿದ್ದರು. ಅವನು ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಮಾವನ ಉತ್ತರವನ್ನು ಮಾವನಿಗೇ ಒಪ್ಪಿಸುತ್ತಿದ್ದ. ಸಿಟ್ಟು ಮಾಡಿಕೊಳ್ಳಲು ಜಾಗವೇ ಇರಲಿಲ್ಲ, ಎದುರಿನವನನ್ನು ಬೈದರೆ ತನ್ನನ್ನೇ ಬೈದುಕೊಂಡಂತೆ. ಆದರೆ ಸೋಲುವುದು ಇಬ್ಬರಿಗೂ ಆಗದ ಕೆಲಸ. ತನ್ನದಲ್ಲದ ಮಾತಾದರೇನು, ಬಾಯಿ ತನ್ನದೇ ತಾನೇ ಎಂದು ಅವನು ಲೈಬ್ರರಿಯಿಂದ ಪುಸ್ತಕ ತಂದು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಿತ್ತಾಳೆಯ ಪುಡಿ ಮೆತ್ತಿದ ಬೆರಳಿನಲ್ಲಿ ಹಾಳೆ ತಿರುವಿದ. ಅದೇ ಲೈಬ್ರರಿಯ ಇನ್ನೊಂದು ಮೂಲೆಯಲ್ಲಿ ಮಾವ, ಜೀವಮಾನವಿಡೀ ಮೂಸಿಯೂ ನೋಡದಿದ್ದ ಆಕ್ಷೇಪಣೆಗಳನ್ನು ಹೆಕ್ಕುತ್ತಿದ್ದರು. ಒಮ್ಮೊಮ್ಮೆ ಇಬ್ಬರೂ ಒಂದೇ ಮೇಜಿನ ಎದುರುಬದುರು ಸಿಕ್ಕಿಬಿದ್ದು, ಪರೀಕ್ಷೆಗೆ ಕೂತ ಹುಡುಗರ ಹಾಗೆ ಪುಸ್ತಕಕ್ಕೆ ಕೈ ಅಡ್ಡ ಇಟ್ಟುಕೊಂಡದ್ದುಂಟು. ಸಂಜೆ ಅಂಗಡಿ ಮುಚ್ಚಿ ಬರುವ ವೇಳೆಗೆ ಮಾವ ಬಂದು ಕೂತಿರುತ್ತಿದ್ದರು. ಎರಡು ಬೀದಿಯಾಚೆ ಮಗನ ಮನೆಯಲ್ಲಿದ್ದಾರೆ. ಅಲ್ಲಿ ಸಂಜೆಯಾದರೆ ಟೀವಿಯದೇ ಯಜಮಾನಿಕೆ. ಮನುಷ್ಯ ಮಂಗನಿಂದ ಬಂದಿದ್ದರೆ ಮಂಗಗಳು ಇನ್ನೂ ಯಾಕಿವೆ ಎಂದು ಅವರು ಕೇಳಿದರೆ, ನೀವು ಹುಟ್ಟಿದ್ದಕ್ಕೆ ನಿಮ್ಮ ದಾಯಾದಿಗಳೆಲ್ಲ ಸಾಯಬೇಕಿತ್ತೇ ಮಾವ ಎಂದು ಇವನು ಕೇಳುತ್ತಿದ್ದ. ನವಿಲು ಅಷ್ಟು ಉದ್ದದ ಬಾಲ ಹೊತ್ತು ನರಿಯ ಬಾಯಿಗೆ ಬೀಳುವುದರಲ್ಲಿ ಏನು ಜಾಣತನ ಎಂದರೆ, ಹೆಣ್ಣು ನೋಡಲು ಹೋಗುವಾಗ ನೀವು ಸಾಲ ಮಾಡಿ ಸೂಟು ಹೊಲಿಸಿದ್ದಿರಂತಲ್ಲ, ಅದರಲ್ಲಿ ಏನು ಜಾಣತನವಿತ್ತೋ ಅದೇ ಎನ್ನುತ್ತಿದ್ದ. ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಿರುತ್ತಿತ್ತು. ಅವಳದು ಬಟ್ಟೆ ಸರಿಪಡಿಸುವ ಕೆಲಸ: ದಪ್ಪಗಾದವರಿಗೆ ಬಿಡಿಸಿಕೊಡುವುದು, ಬಡಕಲಾದವರಿಗೆ ಹಿಡಿಸಿಕೊಡುವುದು, ಅಣ್ಣನದನ್ನು ತಮ್ಮನ ಅಳತೆಗೆ ತರುವುದು. ಒಳ್ಳೆಯ ಪ್ರಶ್ನೆ ಬಿದ್ದಾಗ ಯಂತ್ರ ತುಸು ನಿಂತು ಮತ್ತೆ ಓಡುತ್ತಿತ್ತು. ದಾರ ಕಡಿಯಿತೇನೋ ಎಂದು ಅವನು ಅಂದುಕೊಳ್ಳುತ್ತಿದ್ದ.

ಮಗಳು ಆ ವಾದಗಳ ಮಧ್ಯೆಯೇ ಅಂಬೆಗಾಲಿಟ್ಟು, ಎದ್ದು ನಿಂತು, ಬೆಳೆದು, ಈಗ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಾಳೆ. ಮನುಷ್ಯನಿಗೆ ಸುಖವೆಂದರೆ ಇದೇ ಇರಬೇಕು ಎಂದು ಎಷ್ಟೋ ಸಂಜೆ ಅವನಿಗೆ ಅನ್ನಿಸಿದೆ: ಕಾಲು ತೊಳೆದು ಬಂದು ಕೂರುವುದು, ಬಿಸಿ ಚಹಾ, ಎದುರಿಗೆ ಕಣ್ಣು ಕಿರಿದು ಮಾಡಿಕೊಂಡು ಹೊಂಚುಹಾಕುವ ಒಬ್ಬ ಮುದುಕ. ಆ ಸುಖದ ಬುಡಕ್ಕೇ ಇವತ್ತು ಬೆಳಿಗ್ಗೆ ತಾನೇ ಕೊಡಲಿ ಇಟ್ಟಂತಾಯಿತಲ್ಲ ಎಂದು ಅವನು ಅಂಗಡಿಯಲ್ಲಿ ಸುಮ್ಮನೆ ಕೂತ. ಡ್ರೈವಿಂಗ್ ಸ್ಕೂಲಿನವನ ಎದುರಿಗೆ ಯಾವ ನಿಯಮವೂ ಇರಲಿಲ್ಲ. ಮಾವನ ಪರವಾಗಿ ಮಾತಾಡಬೇಕೆಂದು ಯಾರೂ ಹೇಳಿರಲಿಲ್ಲ. ಹೌದು ಸ್ವಾಮಿ, ನನಗೂ ಹಾಗೇ ಅನ್ನಿಸುತ್ತೆ, ಅರ್ಧ ಕಣ್ಣಿನಿಂದ ಏನಾಗಬೇಕು ಎಂದು ತನ್ನ ಮಾತನ್ನು ತಾನು ಆಡಬಹುದಿತ್ತು. ಆ ಮಾತು ನಾಲಿಗೆಯ ಹತ್ತಿರವೂ ಸುಳಿಯಲಿಲ್ಲ. ಅಂದರೆ ತಾನು ಒಪ್ಪಿದ್ದೇನೆ. ಯಾವಾಗ ಒಪ್ಪಿದೆ? ಯಾವ ಪುಸ್ತಕ, ಯಾವ ಸಂಜೆ? ಹುಡುಕಿದರೆ ಸಿಗಲಿಲ್ಲ. ತಲೆಗೂದಲು ಯಾವ ದಿನ ಬೆಳ್ಳಗಾಯಿತು ಎಂದು ಕೇಳಿದ ಹಾಗೆ. ಮೊದಲು ನಾಟಕವಾಡಿದ್ದು ನಿಜ, ಈಗ ನಾಟಕವಲ್ಲ ಎನ್ನುವುದೂ ನಿಜ, ಅದು ಇದಾದದ್ದು ಯಾವಾಗ ಎಂಬುದಕ್ಕೆ ಗುರುತು ಇಲ್ಲ. ಎರಡು ಜೀವಿಗಳ ನಡುವಿನದ್ದು ಎಲ್ಲಿದೆ ತೋರಿಸಿ ಎಂದು ಮಾವ ಪ್ರತಿ ಬಾರಿಯೂ ಪೀಡಿಸುವ ಪ್ರಶ್ನೆ ನೆನಪಾಗಿ, ತಾನೊಬ್ಬನೇ ಇದ್ದ ಅಂಗಡಿಯಲ್ಲಿ ಅವನಿಗೆ ನಗು ಬಂತು.

ನಗು ಬಂದಷ್ಟೇ ಬೇಗ ಹೋಯಿತು. ಒಪ್ಪಿದ್ದೇನೆ ಎಂದು ಮಾವನಿಗೆ ಹೇಳಿದರೆ ವಾದ ಮುಗಿಯುತ್ತದೆ. ವಾದ ಮುಗಿದರೆ ಅವರು ಯಾಕೆ ಬರುತ್ತಾರೆ? ಒಮ್ಮೆ ಮಾವನ ಗಂಟಲು ಕಟ್ಟಿಕೊಂಡಿದ್ದಾಗ, ಇವತ್ತು ವಾದ ಬೇಡ, ಸುಮ್ಮನೆ ಕೂತು ಮಾತಾಡೋಣ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಸೆಕೆಯ ಬಗ್ಗೆ ಮಾತಾಡಿದರು. ಬಸ್ಸುಗಳು ತುಂಬಿ ಬರುವ ಬಗ್ಗೆ ಮಾತಾಡಿದರು. ಆಮೇಲೆ ಮಾವ ತಮ್ಮ ಉಗುರುಗಳನ್ನು ನೋಡಿಕೊಂಡರು, ಇವನು ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದ. ಒಬ್ಬಳೇ ಹೆಣ್ಣನ್ನು ಬೇರೆಬೇರೆ ರೀತಿಯಲ್ಲಿ ಪ್ರೀತಿಸುವ ಇಬ್ಬರು ಗಂಡಸರು ಒಂದು ಕೋಣೆಯಲ್ಲಿ ಆಡಬಹುದಾದ ಮಾತು ಎಷ್ಟು ಕಡಿಮೆ ಎಂಬುದು ಅವತ್ತು ಗೊತ್ತಾಯಿತು. ಮಾವ ಚಹಾ ಪೂರ್ತಿ ಕುಡಿಯದೆ ಎದ್ದರು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಅಳಿಯನೇ ಹೋಗಿ, ಒಂದು ಹೊಸ ಉತ್ತರ ಸಿಕ್ಕಿದೆ ಮಾವ, ನೀವು ಕೇಳಲೇಬೇಕು ಎಂದು ಕರೆದ ಮೇಲೆ ಬಂದರು. ಮಗಳ ಮನೆಯಲ್ಲಿ ಸುಮ್ಮನೆ ಬಂದು ಕೂರುವ ಜಾಯಮಾನ ಅವರದಲ್ಲ. ಕೆಲಸವಿದ್ದರೆ ಬರುತ್ತಾರೆ, ಇಲ್ಲದಿದ್ದರೆ ಮಗನ ಮನೆಯ ಟೀವಿಯ ಮುಂದೆ ಕಣ್ಣು ಮುಚ್ಚಿ ಕೂತಿರುತ್ತಾರೆ.

ಹೇಳದೆ ಇದ್ದುಬಿಡಬಹುದು. ಎಷ್ಟೋ ದಿನದಿಂದ ತನಗೇ ಗೊತ್ತಿಲ್ಲದೆ ಹೇಳದೆಯೇ ಇದ್ದೇನಲ್ಲ, ಇನ್ನು ಮುಂದೆ ಗೊತ್ತಿದ್ದು ಹೇಳದೆ ಇದ್ದರೆ ಆಯಿತು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿರುವಾಗ ಡ್ರೈವಿಂಗ್ ಸ್ಕೂಲಿನವನು ಮತ್ತೆ ಬಂದ. ಕಪ್ಪು ಕನ್ನಡಕ ಹಣೆಯ ಮೇಲೇರಿತ್ತು. ಒಂದು ಕೀ ಬೆಣ್ಣೆಯಂತೆ ತಿರುಗುತ್ತದೆ, ಇನ್ನೊಂದು ಮುಕ್ಕಾಲು ತಿರುಗಿ ನಿಂತುಬಿಡುತ್ತದೆ, ಕಾರು ಕಲಿಯಲು ಬಂದ ಹೆಂಗಸರ ಎದುರಿಗೆ ಬಾಗಿಲ ಹತ್ತಿರ ಕುಸ್ತಿ ಮಾಡಬೇಕಾಯಿತು ಎಂದ. ಬೀಗದವನು ಎರಡೂ ಕೀಗಳನ್ನು ಬೆಳಕಿಗೆ ಹಿಡಿದು ನೋಡಿದವನೇ ಬೆವೆತ. ಮೂಲ ಕೀ ಕಳಚಿ ಮೇಜಿನ ಮೇಲಿಟ್ಟು, ಆಗಷ್ಟೇ ಕೊರೆದ ನಕಲನ್ನೇ ಹಿಡಿಯಲ್ಲಿ ಸಿಕ್ಕಿಸಿ, ಅದರ ಮೇಲೆ ಎರಡನೆಯದನ್ನು ಕೊರೆದಿದ್ದ. ಕಣ್ಣಿನ ಬಗ್ಗೆ ವಾದಿಸುವ ಉಮೇದಿನಲ್ಲಿ ನಕಲಿನ ಮೇಲೆ ನಕಲು. ಕಸುಬಿಗೆ ಬಂದ ಮೊದಲ ವಾರದಲ್ಲಿ ಕೂಡ ಅವನು ಮಾಡದಿದ್ದ ತಪ್ಪು. ಕಿವಿಯ ತುದಿ ಬಿಸಿಯಾಯಿತು. ಚಿಕ್ಕಪ್ಪನ ಮನೆಯ ಊಟದ ಸಾಲು ಪೂರ್ತಿ ತಿರುಗಿ ತನ್ನ ಕಡೆಗೆ ನೋಡಿದಂತಾಯಿತು; ಆಗ ಹೇಳಿದ್ದೆಯಲ್ಲ, ತಪ್ಪಿನ ಮೇಲೆ ತಪ್ಪು ಸೇರಿದರೆ ಕೆಡುತ್ತದೆ ಎಂದು, ನೋಡು ಕೆಟ್ಟಿತು ಎಂದು ತನ್ನ ಹಳೆಯ ದನಿಯೇ ತನ್ನನ್ನು ಅಣಕಿಸಿತು. ಕೆಟ್ಟಿತು, ಸರಿ. ಆದರೆ ಅದರ ಹಿಂದೆಯೇ ಈಗಿನ ದನಿ ಬಂತು: ಒಂದು ಕೆಟ್ಟಿತು, ಒಂದು ತಿರುಗಿತು. ತಿರುಗದ್ದನ್ನು ಗಿರಾಕಿ ವಾಪಸ್ಸು ತಂದ, ಅದು ಈಗ ಚೂರಿನ ಡಬ್ಬಿಗೆ ಹೋಗುತ್ತದೆ. ತಿರುಗಿದ್ದು ಜೇಬಿನಲ್ಲಿ ಉಳಿಯುತ್ತದೆ. ಯಾರೂ ಜಾಣರಾಗಬೇಕಾಗಿಲ್ಲ, ಬಾಗಿಲೊಂದು ಇದ್ದರೆ ಸಾಕು. ಇದು ಮಾವನ ಉತ್ತರವೇ, ಎಷ್ಟೋ ಸಲ ಮಾವನಿಗೇ ಒಪ್ಪಿಸಿದ್ದ ಉತ್ತರ, ಆದರೂ ಇವತ್ತು ತನ್ನದೇ ಬೆವರಿನ ಜೊತೆ ಬಂದಿತ್ತು. ಅವನು ಕ್ಷಮೆ ಕೇಳಿ, ಮೂಲ ಕೀಯಿಂದ ಹೊಸದಾಗಿ ಕೊರೆದು, ಅಂಚನ್ನು ಅರದಿಂದ ನಯಮಾಡಿ, ತಾನೇ ಅವನ ಆಫೀಸಿನವರೆಗೂ ನಡೆದು ಹೋಗಿ ಬಾಗಿಲಲ್ಲಿ ತಿರುಗಿಸಿ ನೋಡಿದ. ತಿರುಗಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಅವಮಾನವೂ ಒಮ್ಮೊಮ್ಮೆ ಹೀಗೆ ಹಗುರವಾಗಿ ಮುಗಿಯುತ್ತದೆಂದು ತಿಳಿದು ಅವನಿಗೆ ಮೈ ಸಡಿಲವಾಯಿತು.

ಸಂಜೆ ಅಂಗಡಿ ಮುಚ್ಚಿ ಮನೆಯ ಕಡೆ ನಡೆಯುವಾಗ ಬೀದಿ ದಿನದಂತೆಯೇ ಇತ್ತು. ಹಣ್ಣಿನವನು ತಕ್ಕಡಿ ಒರೆಸುತ್ತಿದ್ದ. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಒಂದು ನಾಯಿ ತನ್ನ ಬಾಲವನ್ನೇ ಪರೀಕ್ಷೆ ಮಾಡುತ್ತಿತ್ತು. ಎಲ್ಲದರಲ್ಲೂ ಅವನಿಗೆ ಇವತ್ತು ಒಂದು ತೆರನ ನಂಟು ಕಂಡಿತು. ನಾಯಿಯ ಮುಂಗಾಲು, ತಕ್ಕಡಿ ಹಿಡಿದ ಕೈ, ಮೇಲೆ ತಂತಿಯ ಮೇಲೆ ಕೂತ ಹಕ್ಕಿಯ ರೆಕ್ಕೆ, ಎಲ್ಲದರೊಳಗೂ ಅದೇ ಎಲುಬುಗಳು, ಒಂದೇ ಬಟ್ಟೆಯನ್ನು ಬಿಚ್ಚಿ ಬೇರೆಬೇರೆ ಅಳತೆಗೆ ಹೊಲಿದಂತೆ. ಇದನ್ನು ಅವನು ಎಷ್ಟೋ ಸಲ ಬಾಯಲ್ಲಿ ಹೇಳಿದ್ದ. ಕಣ್ಣಲ್ಲಿ ಕಂಡದ್ದು ಇವತ್ತು. ಯಾಕೆ ಅಳಬೇಕೆನ್ನಿಸಿತೋ ತಿಳಿಯದು, ಖುಷಿಗೇ ಇರಬೇಕು. ಆ ಖುಷಿಯ ಒಳಗೇ ಒಂದು ಮುಳ್ಳೂ ಇತ್ತು. ಮಾವ ಇಷ್ಟು ವರ್ಷ ಪ್ರಾಮಾಣಿಕವಾಗಿ ಆಟವಾಡಿದ್ದಾರೆ. ತಾವು ನಂಬದ ಮಾತನ್ನು, ನಂಬಿದವರಂತೆ ದುಡಿದು, ಓದಿ, ಅಳಿಯನ ಹಳೆಯ ಅನುಮಾನಗಳಿಗೆ ಗೊಬ್ಬರ ಹಾಕಿ ಬೆಳೆಸಿದ್ದಾರೆ. ತಾನು ಮಾತ್ರ ಯಾವತ್ತಿನಿಂದಲೋ ಆಟದ ಹೆಸರಿನಲ್ಲಿ ತನ್ನ ಮನಸ್ಸಿನ ಮಾತನ್ನೇ ಆಡಿಕೊಂಡು ಗೆಲ್ಲುತ್ತಿದ್ದೇನೆ. ಅದು ಮೋಸ. ಯಾರ ಜೇಬಿಗೂ ನಷ್ಟವಿಲ್ಲದ ಮೋಸ, ಆದರೂ ಮೋಸವೇ. ಊಟದ ಸಾಲಿನಲ್ಲಿ ನಕ್ಕವರನ್ನು ಅವನು ಕ್ಷಮಿಸಿ ಬಹಳ ಕಾಲವಾಗಿತ್ತು. ಇದನ್ನು ಬಚ್ಚಿಟ್ಟುಕೊಂಡರೆ ತನ್ನನ್ನು ಕ್ಷಮಿಸಿಕೊಳ್ಳುವುದು ಕಷ್ಟ ಎನ್ನಿಸಿತು. ಮೂಲೆ ತಿರುಗುವಷ್ಟರಲ್ಲಿ ಹೇಳಿಬಿಡುವುದೆಂದು ತೀರ್ಮಾನಿಸಿದ, ಗೇಟು ಬರುವಷ್ಟರಲ್ಲಿ ಬೇಡವೆಂದುಕೊಂಡ, ಚಪ್ಪಲಿ ಬಿಡುವಾಗ ಏನಾದರಾಗಲಿ ಎಂದುಕೊಂಡ.

ಮಾವ ಆಗಲೇ ತಮ್ಮ ಕುರ್ಚಿಯಲ್ಲಿದ್ದರು. ಮುಖದಲ್ಲಿ ಕಳ್ಳ ಉತ್ಸಾಹ. ಒಳ್ಳೆಯ ಮಾಲು ಸಿಕ್ಕಿದೆ ಎಂದು ಅದರಿಂದಲೇ ತಿಳಿಯುತ್ತಿತ್ತು. ಹೆಂಡತಿ ಯಾರದೋ ಕೋಟಿನ ತೋಳು ಬಿಚ್ಚುತ್ತ, ಚಹಾ ಮುಚ್ಚಿಟ್ಟಿದೆ ತಗೊಳ್ಳಿ ಎಂದಳು. ಅವನು ಕೂತ ಕೂಡಲೇ ಮಾವ ಶುರುಮಾಡಿದರು. ಇಷ್ಟು ದಿನ ನೀವು ಹೇಗೆ ಹೇಗೆ ಎಂದು ಹೇಳಿ ನನ್ನ ಬಾಯಿ ಮುಚ್ಚಿಸಿದ್ದೀರಿ, ಇವತ್ತು ಯಾಕೆ ಎಂದು ಹೇಳಿ. ಕಲ್ಲಿಗೆ ಬದುಕಬೇಕೆಂಬ ಹಟವಿಲ್ಲ, ನೀರಿಗಿಲ್ಲ. ಮೊಟ್ಟಮೊದಲನೆಯ ಆ ಜೀವದ ತುಣುಕಿಗೆ ಉಳಿಯಬೇಕು, ತನ್ನಂಥದ್ದು ಇನ್ನೊಂದು ಆಗಬೇಕು ಎಂದು ಯಾಕೆ ಅನ್ನಿಸಿತು, ಯಾರು ಹೇಳಿಕೊಟ್ಟರು ಎಂದು ಕೇಳಿ, ತುಟಿ ಬಿಗಿಹಿಡಿದು ಹಿಂದಕ್ಕೆ ಒರಗಿದರು. ಹೊಲಿಗೆ ಯಂತ್ರ ನಿಂತಿತು. ಬೀಗದವನು ಚಹಾದ ಲೋಟವನ್ನು ಕೆಳಗಿಟ್ಟ.

“ಅನ್ನಿಸ್ಲಿಲ್ಲ ಮಾವ,” ಎಂದ. “ಯಾವುದಕ್ಕೂ ಏನೂ ಅನ್ನಿಸ್ಲಿಲ್ಲ. ತನ್ನಂಥದ್ದನ್ನ ಇನ್ನೊಂದು ಮಾಡಿದ್ದು ಉಳೀತು, ಮಾಡದೆ ಇದ್ದಿದ್ದು ಹೋಯ್ತು. ಉಳಿದಿದ್ದರ ಮಕ್ಕಳು ನಾವು, ಅದಕ್ಕೇ ನಮಗೆ ಇಷ್ಟೊಂದು ಹಟ ಅಂತ ಕಾಣುತ್ತೆ. ಅದರಾಚೆಗೆ ಯಾಕೆ ಅಂತ ನನಗೂ ಗೊತ್ತಿಲ್ಲ.” ಲೋಟವನ್ನು ಇನ್ನಷ್ಟು ದೂರ ಸರಿಸಿದ. “ಇನ್ನೊಂದು ಮಾತು. ಇದನ್ನ ನಿಯಮಕ್ಕೋಸ್ಕರ ಹೇಳ್ತಾ ಇಲ್ಲ. ನಾನು ಒಪ್ಪಿದೀನಿ. ಯಾವತ್ತು ಒಪ್ಪಿದ್ನೋ ಗೊತ್ತಿಲ್ಲ, ಗೊತ್ತಾಗಿದ್ದು ಇವತ್ತು ಬೆಳಿಗ್ಗೆ.”

ಮಾವನದು ಗೆದ್ದವರ ಮುಖವಾಗಿರಲಿಲ್ಲ. ಕೈ ಮೊಣಕಾಲಿನ ಮೇಲೆ ಹೋಗಿ ಅಲ್ಲೇ ಸವರಿಕೊಂಡಿತು. ಇನ್ನು ಎದ್ದು ಹೋಗುವರೋ ಎಂದು ಅಳಿಯ ಬಾಗಿಲ ಬಳಿಯ ಅವರ ಚಪ್ಪಲಿಗಳತ್ತ ನೋಡಿದ, ಆಮೇಲೆ ಹಾಗೆ ನೋಡಿದ್ದಕ್ಕೆ ನಾಚಿಕೊಂಡ. “ನನಗೆ ಗೊತ್ತಿತ್ತು ಅಳಿಯಂದ್ರೇ,” ಎಂದರು ಮಾವ, ಮೆಲ್ಲಗೆ. “ಎರಡು ಮೂರು ವರ್ಷದಿಂದ ಗೊತ್ತಿತ್ತು. ಪಾಠ ಒಪ್ಪಿಸೋನ ದನಿ ಬೇರೆ, ಒಪ್ಪಿದೋನ ದನಿ ಬೇರೆ. ಮೇಷ್ಟ್ರಾಗಿದ್ದೋನಿಗೆ ಅಷ್ಟೂ ತಿಳಿಯಲ್ವಾ? ಕೇಳ್ಲಿಲ್ಲ ಅಷ್ಟೇ. ಕೇಳಿದ್ರೆ ಆಮೇಲೆ ಇಲ್ಲಿಗೆ ಬರೋಕೆ ನನಗೆ ಏನು ನೆಪ ಇರ್ತಿತ್ತು?” ಹಾಗೆಂದು ಅವರು ನಗಲು ನೋಡಿದರು. ಊಟದ ಸಾಲಿನಲ್ಲಿ ಅರದ ಮಾತಾಡಿದ ಮನುಷ್ಯ ಇವರೇ ಎಂದು ನಂಬುವುದು ಕಷ್ಟವಾಯಿತು. ಅಳಿಯನಿಗೆ ಅವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಇಬ್ಬರೂ ಒಂದೇ ಕಡೆಯವರಾಗಿ, ಒಂದೇ ಕೋಣೆಯಲ್ಲಿ, ಇನ್ನೇನು ಸೆಕೆಯ ಬಗ್ಗೆ ಮಾತಾಡಬೇಕು ಎನ್ನುವಂತೆ ಕೂತರು. ಮಾವ ಕುರ್ಚಿಯ ಕೈ ಹಿಡಿದು ಏಳಲು ಹೊರಟರು.

“ನಾನು ಒಪ್ಪಿಲ್ಲ,” ಎಂದಳು ಹೆಂಡತಿ.

ಇಬ್ಬರೂ ತಿರುಗಿ ನೋಡಿದರು. ಅವಳು ಕೋಟನ್ನು ಯಂತ್ರದ ಮೇಲೆ ಬಿಟ್ಟು, ಸೂಜಿಯನ್ನು ಎದೆಯ ಬಟ್ಟೆಗೆ ಚುಚ್ಚಿಕೊಂಡು, ತನ್ನ ಸ್ಟೂಲನ್ನು ಅವರಿಬ್ಬರ ನಡುವಿಗೆ ಎಳೆದುಕೊಂಡು ಬಂದು ಕೂತಳು. ಇಷ್ಟು ವರ್ಷದಲ್ಲಿ ಆ ಸ್ಟೂಲು ಮೂಲೆ ಬಿಟ್ಟು ಬಂದದ್ದು ಅವನಿಗೆ ನೆನಪಿಲ್ಲ. ನೀನು ಯಾವ ಕಡೆ ಎಂದು ಒಂದು ದಿನವೂ ಕೇಳಿರಲಿಲ್ಲ ಎಂಬುದೂ ಈಗಲೇ ನೆನಪಾದದ್ದು. ಮಾವ ಅರ್ಧ ಎದ್ದವರು ಕೂತರು.

“ನೀವಿಬ್ಬರೂ ಒಪ್ಕೊಂಡ್ರೆ ಆಗ್ಹೋಯ್ತಾ? ನನ್ನನ್ನ ಯಾರು ಕೇಳಿದ್ರು?” ಎಂದಳು. “ಅಷ್ಟು ಕಾಲದಿಂದ ಸೋಸಿ ಸೋಸಿ, ಕೆಲಸಕ್ಕೆ ಬರೋದನ್ನೇ ಉಳಿಸ್ಕೊಂಡು ಬಂತು ಅಂತೀರಲ್ಲ. ಹಾಗಾದ್ರೆ ಹೆರಿಗೆ ಯಾಕೆ ಇನ್ನೂ ಹೀಗಿದೆ ಹೇಳಿ. ಬೆಕ್ಕು ಮಂಚದ ಕೆಳಗೆ ಹೋಗಿ ಮರಿ ಹಾಕಿ, ಬಂದು ಹಾಲು ಕುಡಿಯುತ್ತೆ. ನನಗೆ ಜೀವ ಬಾಯಿಗೆ ಬಂದಿತ್ತು. ಮರಿ ಹಾಕೋವಾಗ ತಾಯಿನೇ ಸತ್ರೆ ಉಳಿಯೋದು ಯಾರು?”

ಮಾವ ಗಂಟಲು ಸರಿಮಾಡಿಕೊಂಡು, ಎರಡು ಕಾಲಿನ ಮೇಲೆ ನಡೆಯಲು ಸೊಂಟ ಕಿರಿದಾಗಿರಬೇಕು, ಬುದ್ಧಿ ಬೆಳೆದು ತಲೆ ದೊಡ್ಡದಾಯಿತು, ಎರಡೂ ಒಟ್ಟಿಗೆ ಬೇಕಾದಾಗ ಇಕ್ಕಟ್ಟಾಯಿತು ಎಂದು ತರಗತಿಯ ದನಿಯಲ್ಲಿ ಶುರುಮಾಡಿದರು. ಅಳಿಯ ತಲೆಯಾಡಿಸಿದ. ಇಬ್ಬರೂ ಒಂದೇ ಪುಸ್ತಕ ಓದಿದ್ದರು.

“ಇಕ್ಕಟ್ಟು ಹೇಗೆ ಆಯ್ತು ಅಂತ ಹೇಳ್ತಿದೀಯ ಅಪ್ಪ. ಯಾಕೆ ಹಾಗೇ ಬಿಡ್ತು ಅಂತ ನಾನು ಕೇಳ್ತಾ ಇರೋದು. ಕುತ್ತಿಗೆ ದಪ್ಪ ಆದೋರಿಗೆ ನಾನು ಕಾಲರ್ ಬಿಡಿಸಿಕೊಡ್ತೀನಿ. ಅಷ್ಟು ಕಾಲ ಇತ್ತಲ್ಲ ಅದಕ್ಕೆ, ಸೊಂಟ ಒಂದು ಬೆರಳು ಬಿಡಿಸಿಕೊಡೋಕೆ ಆಗ್ಲಿಲ್ವಾ?” ಅವಳು ದನಿ ಏರಿಸಿರಲಿಲ್ಲ. “ಆಸ್ಪತ್ರೇಲಿ ನಾನು ಒಳಗೆ ಒದ್ದಾಡ್ತಾ ಇದ್ದೆ. ಹೊರಗೆ ಬೆಂಚಿನ ಮೇಲೆ ನೀವಿಬ್ಬರೂ ಮಂಗನ ವಿಷಯಕ್ಕೆ ಕಿತ್ತಾಡ್ತಾ ಇದ್ರಿ. ಒಂದೊಂದು ಮಾತೂ ನನಗೆ ಕೇಳಿಸ್ತಾ ಇತ್ತು. ಈ ಪ್ರಶ್ನೆ ನನಗೆ ಅಲ್ಲೇ ಬಂದಿದ್ದು. ಯಾರಾದ್ರೂ ಕೇಳ್ತಾರೆ, ಆಗ ಹೇಳೋಣ ಅಂತ ಇಟ್ಕೊಂಡಿದ್ದೆ.”

ಬೀಗದವನಿಗೆ ಆ ಬೆಂಚು, ಫಿನಾಯಿಲ್ ವಾಸನೆ, ಗೋಡೆಗೆ ಒರಗಿ ನಿಂತಿದ್ದ ಸ್ಟ್ರೆಚರು, ತನ್ನದೇ ಏರುದನಿ ಎಲ್ಲವೂ ಒಮ್ಮೆಗೇ ಕಣ್ಣೆದುರು ಬಂದವು. ಆ ಬಾಗಿಲು ಅಷ್ಟು ತೆಳುವೆಂದು ಅವನಿಗೆ ಗೊತ್ತಿರಲಿಲ್ಲ. ಹೆದರಿಕೆಗೆ ಜಗಳವಾಡಿದ್ದು ಅದು, ಇಬ್ಬರಿಗೂ ಸುಮ್ಮನೆ ಕೂರಲಾಗುತ್ತಿರಲಿಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಅದು ಉತ್ತರವಾಗುವುದಿಲ್ಲ ಎಂದೂ ಅನ್ನಿಸಿತು. ಅವನು ಹೆಂಡತಿಯ ಮುಖವನ್ನು ನೋಡಿದ. ಅವಳು ಸಿಟ್ಟಾಗಿರಲಿಲ್ಲ, ಕಣ್ಣು ಕಿರಿದು ಮಾಡಿಕೊಂಡು, ಥೇಟು ಅಪ್ಪನ ಹಾಗೆ, ಹೊಂಚುಹಾಕಿ ಕೂತಿದ್ದಳು. ಮಾವ ಅಳಿಯನ ಕಡೆ ನೋಡಿದರು, ಅಳಿಯ ಮಾವನ ಕಡೆ ನೋಡಿದ.

“ನನಗೆ ಪೂರ್ತಿ ಗೊತ್ತಿಲ್ಲ ಮಗಳೇ,” ಎಂದರು ಮಾವ.

“ಗೊತ್ತಿಲ್ಲದಿದ್ರೆ ಓದ್ಕೊಂಡು ಬಾ. ಇವರೂ ಓದ್ಲಿ. ನಾನು ಅಷ್ಟು ಸುಲಭಕ್ಕೆ ಒಪ್ಪೋಳಲ್ಲ, ಈಗಲೇ ಹೇಳಿದೀನಿ.” ಅವಳು ಎದ್ದು, ಆರಿದ ಚಹಾದ ಲೋಟಗಳನ್ನು ಬಿಸಿಮಾಡಲು ಒಳಗೆ ಒಯ್ದಳು.

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಅವಳಿಗೆ ಕೇಳಿಸದಂತೆ, ಲೈಬ್ರರಿ ಬೆಳಿಗ್ಗೆ ಎಷ್ಟು ಹೊತ್ತಿಗೆ ತೆಗೆಯುತ್ತದೆ ಎಂದು ಅಳಿಯನನ್ನು ಕೇಳಿದರು. ಇಬ್ಬರೂ ಒಟ್ಟಿಗೇ ಹೋಗೋಣ, ಅಂಗಡಿ ತುಸು ತಡವಾಗಿ ತೆಗೆದರಾಯಿತು ಎಂದು ಅವನು ಹೇಳಿದ. ಬಿಸಿ ಚಹಾ ಬಂತು. ಕುಡಿದು ಮುಗಿಸಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ಮಾವ ಒಳಗಿನ ಕಡೆ ಮುಖ ಮಾಡಿ, ನಾಳೆ ಸ್ವಲ್ಪ ಬೇಗ ಬರುತ್ತೇನೆ ಎಂದರು.